ಅವ್ವನಿಗೆ ತೋರಿಸಲಾಗದ ಟ್ರಾಮು

ಇದ್ದಿಲ ಗ್ಯಾಸಿನಲ್ಲಿ ಬಸ್ಸು ಓಡುತ್ತಿದ್ದ ಎರಡನೇ ಮಹಾಯುದ್ಧದ ದಿನಗಳವು. ಮುಳಬಾಗಿಲಿನ ನಮಗೆ ಬಣ್ಣದ ಚಿತ್ರಗಳು ಸಿಗುತ್ತಿದ್ದುದು ಬಟ್ಟೆ ಅಂಗಡಿಯಲ್ಲಿ. ಬಟ್ಟೆ ಸುತ್ತಿದ ಥಾನಿಗೆ ಅಂಟಿಸಿದ ಚೀಟಿ, ಮಿಲ್ಲಿನವರ ಹಳೆಯ ಕ್ಯಾಲೆಂಡರು, ಜಾಹೀರಾತಿನ ಫೋಟೋ ಎಲ್ಲವನ್ನೂ ಅಂಗಡಿಯ ಇಮಾಂ ಸಾಬರು ನನಗೆಂದು ಎತ್ತಿಡುತ್ತಿದ್ದರು. ಅವುಗಳಿಗೆ ಹೊಸ ಬಟ್ಟೆಯ ಗಂಜಿಯ ವಾಸನೆ. ದೇವರ ಚಿತ್ರಗಳನ್ನು ಗೆಳತಿಯರಿಗೆ ಕೊಟ್ಟು, ಪಟ್ಟಣದ ಚಿತ್ರಗಳನ್ನು ನಾನಿಟ್ಟುಕೊಳ್ಳುತ್ತಿದ್ದೆ.

ಒಂದರಲ್ಲಿ ಗಡಿಯಾರದ ಗೋಪುರ, ಅದರ ಮುಂದೆ ಬೀದಿಯಲ್ಲೇ ಕಂಬಿಯ ಮೇಲೆ ನಿಂತ ಬಂಡಿ.

"ಅದು ಟ್ರಾಮು ಕಣಮ್ಮಾ," ಅಂದಿದ್ದರು ಸಾಬರು. ಕೆಳಗಿನ ಇಂಗ್ಲಿಷ್ ಓದಲಾರದ ನಾನು ಅದು ಬೆಂಗಳೂರೇ ಎಂದು ನಂಬಿಬಿಟ್ಟೆ.

ನಾವು ಅವ್ವ ಎನ್ನುತ್ತಿದ್ದ ಅಜ್ಜಿಗೆ ಚಿತ್ರ ತೋರಿಸಿದರೆ, ಪೊರೆ ಬಂದ ಕಣ್ಣಿಗೆ ಹತ್ತಿರ ಹಿಡಿದು, "ನನ್ನೂ ಕೂರಿಸ್ತೀಯೇನೇ?" ಎಂದಳು.

"ಕೂರಿಸ್ತೀನಿ ಅವ್ವಾ. ದಾರಿ ನಂಗೊತ್ತು."

ಆ ಬೇಸಿಗೆಯಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳ ಒಂದು ಕಣ್ಣಿನ ಪೊರೆ ತೆಗೆದರು. ಜೊತೆಗೆ ಸೋದರಮಾವ ಮತ್ತು ನಾನು. ಊರಿಗೆ ಹೊರಡುವ ದಿನ ಡಾಕ್ಟರು ಕಣ್ಣಿಗೆ ಬಿಸಿಲು, ಧೂಳು ತಾಗಬಾರದು ಎಂದು ಹೇಳಿ ಕಳಿಸಿದರು. ಮಾವ ನಮ್ಮನ್ನು ಮರದ ನೆರಳಲ್ಲಿ ಕೂರಿಸಿ ಔಷಧಿ ತರಲು ಹೋದ.

"ಬಾ ಅವ್ವಾ, ಮಾವ ಬರೋದ್ರೊಳಗೆ ಟ್ರಾಮು ನೋಡ್ಕೊಂಡು ಬರೋಣ."

ಅವಳು ನನ್ನ ಕೈ ಹಿಡಿದು ಎದ್ದಳು. ಒಂದು ಬೀದಿ, ಇನ್ನೊಂದು ಬೀದಿ. ಗೋಪುರವೂ ಇಲ್ಲ, ಕಂಬಿಯೂ ಇಲ್ಲ. ಬರಿಗಾಲಿನ ಅವ್ವ ಸುಡುವ ನೆಲದಲ್ಲಿ ಕಾಲೆತ್ತಿ ಕಾಲಿಡುತ್ತಿದ್ದಳು. ಕೊನೆಗೆ ಒಬ್ಬ ಜಟಕಾದವನನ್ನು ಕೇಳಿದೆ.

"ಟ್ರಾಮಾ? ಅದು ಬೊಂಬಾಯಿ, ಮದ್ರಾಸಿನಲ್ಲಿ ಕಣಮ್ಮಾ! ಇಲ್ಲೆಲ್ಲೈತೆ?" ಅವನ ಜೊತೆಗೆ ಅಲ್ಲಿದ್ದವರೆಲ್ಲ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅವ್ವ ಮಾತ್ರ, "ಮಗು ಅಲ್ವಾ, ನಗಬ್ಯಾಡಿ," ಎಂದು ನನ್ನನ್ನು ಸೆರಗಿನೊಳಗೆ ಎಳೆದುಕೊಂಡಳು. ಮರಳಿ ಹೋಗುವ ದಾರಿಯೂ ನನಗೆ ಗೊತ್ತಿರಲಿಲ್ಲ. ಹುಡುಕಿ ಸುಸ್ತಾದ ಮಾವ ಸಂಜೆ ಸಿಕ್ಕಿ ನನಗೆ ಎರಡು ಬಿಟ್ಟ.

ಅವ್ವನ ಕಣ್ಣು ಕೆಂಪಾಗಿ ವಾರಗಟ್ಟಲೆ ನೀರು ಸುರಿಯಿತು. ನೋಡಲು ಬಂದವರ ಮುಂದೆ ಅದೇ ಕಣ್ಣು ಒರೆಸಿಕೊಳ್ಳುತ್ತಾ, "ನನ್ನ ಮೊಮ್ಮಗಳು ಬೆಂಗಳೂರೆಲ್ಲ ತೋರಿಸಿದ್ಲು. ಎಷ್ಟು ಜಾಣೆ ಗೊತ್ತಾ!" ಅನ್ನುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಸಾಕು ನಿಲ್ಲಿಸವ್ವಾ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಮಾವನ ಏಟಿಗಿಂತ ಆ ಹೊಗಳಿಕೆಗೇ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಕಣ್ಣು ತಿಳಿಯಾಯಿತು. ಮುಂದಿನ ಚಳಿಗಾಲ ಅವ್ವ ಜ್ವರದಲ್ಲಿ ತೀರಿಕೊಂಡಳು. ಆಮೇಲೆ ನಾನು ಓದಿದೆ, ಕೆಲಸಕ್ಕೆ ಸೇರಿದೆ, ಹೊಗಳಿದವರೂ ಇದ್ದಾರೆ. ನಾನು ಸೋತು ಬಂದ ದಿನ ಊರವರ ಮುಂದೆ ನನ್ನನ್ನು ಜಾಣೆ ಅಂದವಳು ಅವಳೊಬ್ಬಳೇ.