ಬಲಕ್ಕೆ ತಳ್ಳಿದರೆ ಎಡಕ್ಕೆ ಓಡಿದ ಫಿರಂಗಿ

ಚಿತ್ರದುರ್ಗದಲ್ಲಿ ಮೂವತ್ತು ವರ್ಷ ಟಿವಿ ರಿಪೇರಿ ಮಾಡಿ ಅಂಗಡಿ ಮುಚ್ಚಿದ್ದೆ. ಎರಡು ವರ್ಷದ ಹಿಂದೆ ಹಿರಿಯೂರಿನ ಗೌರಮ್ಮ ಮನೆ ಹುಡುಕಿಕೊಂಡು ಬಂದರು. ಅವರ ಗಂಡ ತಿಪ್ಪೇಸ್ವಾಮಿ ಒಂದು ಕಾಲಕ್ಕೆ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದವರು. ಅಲ್ಲಿನ ಒಂದು ಗೇಮ್ ಪೆಟ್ಟಿಗೆ ಕೆಟ್ಟು ಮನೆಯಲ್ಲೇ ಬಿದ್ದಿತ್ತು. ಲಕ್ವ ಹೊಡೆದು ಬಲಗೈ ಸೋತಿತ್ತು. ಡಾಕ್ಟರು ಎಷ್ಟು ಹೇಳಿದರೂ ಕೈ ಆಡಿಸುತ್ತಿರಲಿಲ್ಲ.

“ಆ ಗೇಮಿನ ಹ್ಯಾಂಡಲ್ಲಾದ್ರೆ ಹಿಡ್ಕಂತಾರೆ ಸಾರ್. ಹೆಂಗಾದ್ರೂ ಮಾಡಿ ಓಡಿಸ್ಕೊಡ್ರಿ” ಎಂದರು.

ಅದು ಹಳೇ ಜಪಾನಿ ಶೂಟಿಂಗ್ ಗೇಮ್. ಮೇಲಿಂದ ಸಾಲಾಗಿ ಇಳಿಯುವ ಶತ್ರುಗಳನ್ನು ಕೆಳಗಿನ ಫಿರಂಗಿ ಎಡಕ್ಕೆ ಬಲಕ್ಕೆ ಓಡಿಸಿ ಹೊಡೆಯಬೇಕು. ಆಳೆತ್ತರದ ಪೆಟ್ಟಿಗೆಯನ್ನು ಗೆದ್ದಲು ತಿಂದಿತ್ತು. ಹೊಸದುರ್ಗದ ಬಡಗಿ ವೀರಾಚಾರಿ ಹಳೆಯದರ ಅಳತೆ ಹಿಡಿದು ಪ್ಲೈವುಡ್ಡಿನಲ್ಲಿ ಹೊಸದನ್ನು ಮಾಡಿದರು. ಪಿಕ್ಚರ್ ಟ್ಯೂಬು, ಹ್ಯಾಂಡಲ್ ಎಲ್ಲ ನನ್ನ ಮನೆಯ ಮೇಜಿಗೆ ಬಂದವು.

ವಾರ ಒದ್ದಾಡಿದ ಮೇಲೆ ಚಿತ್ರ ಮೂಡಿತು. ಆದರೆ ಬಲಕ್ಕೆ ತಳ್ಳಿದರೆ ಫಿರಂಗಿ ಎಡಕ್ಕೆ! ಅಂಕಿಗಳೂ ತಿರುಗುಮುರುಗು. ಚಿತ್ರವನ್ನು ಪರದೆಯ ಅಗಲಕ್ಕೆ ಹರಡುವ ಸುರುಳಿಗೆ ಯೋಕ್ ಎನ್ನುತ್ತೇವೆ. ಅದರ ವೈರನ್ನು ಯಾವನೋ ಅದಲುಬದಲು ಮಾಡಿದ್ದಾನೆ ಎಂದು ಬೈದುಕೊಂಡು ಸರಿಪಡಿಸಿದೆ.

ಪೆಟ್ಟಿಗೆಯಲ್ಲಿ ಟ್ಯೂಬು ಮೇಲ್ಮುಖವಾಗಿ ಮಲಗುತ್ತದೆ, ಅದರ ಮೇಲೆ ಓರೆಯಾಗಿ ಒಂದು ಕನ್ನಡಿ. ಆಡುವವರು ನೋಡುವುದು ಕನ್ನಡಿಯನ್ನು. “ಒಂದ್ಸಲ ಆಡಿ ನೋಡಾಣ ಸಾರ್” ಎಂದರು ಎಲ್ಲ ಜೋಡಿಸಿ ಮುಗಿಸಿದ ಆಚಾರ್ರು.

“ಎಲ್ಲಾ ನೋಡೀನಿ, ಗಾಡಿಗೆ ಏರಿಸ್ರಿ” ಎಂದೆ, ದೊಡ್ಡ ಮನುಷ್ಯನಂತೆ.

ಹಿರಿಯೂರಿನಲ್ಲಿ ತಿಪ್ಪೇಸ್ವಾಮಿ ತಾವಾಗಿಯೇ ಬಲಗೈ ಎತ್ತಿ ಹ್ಯಾಂಡಲ್ ಹಿಡಿದರು. ಗೌರಮ್ಮನ ಕಣ್ಣು ತುಂಬಿತು. ಫಿರಂಗಿ ತಪ್ಪು ದಿಕ್ಕಿಗೆ ಓಡಿ ಸಿಡಿಯಿತು. ಮತ್ತೆ ಆಡಿದರು, ಮತ್ತೆ ಅದೇ.

“ಬಲಕ್ಕೆ ಅಂದ್ರೆ ಎಡಕ್ಕೆ ಹೋಗ್ತೈತೆ. ಅಂಕಿನೂ ತಿರುಗಿ ಕಾಣ್ತಾವೆ. ಕೈ ಅಷ್ಟೇ ಅಲ್ಲ ಕಣೇ, ನನ್ ತಲೆನೂ ಹೋಗೈತೆ” ಎಂದು ಹೆಂಡತಿಗೆ ಹೇಳಿ ಕೈ ಬಿಟ್ಟರು.

ಪಾಪ, ಇರಬಹುದು ಎಂದುಕೊಂಡೆ ನಾನೂ. ಸಮಾಧಾನ ಹೇಳಲು ಬಗ್ಗಿದಾಗ ಕನ್ನಡಿ ಕಣ್ಣಿಗೆ ಬಿತ್ತು. ಅಂಕಿಗಳು ನಿಜಕ್ಕೂ ತಿರುಗಿದ್ದವು! ಕನ್ನಡಿಯಲ್ಲಿ ನೆಟ್ಟಗೆ ಕಾಣಲೆಂದೇ ಜಪಾನಿನವರು ಟ್ಯೂಬಿನಲ್ಲಿ ಚಿತ್ರ ತಿರುಗಿಸಿಟ್ಟಿದ್ದರು. ಕೆಡಿಸಿದವನು ನಾನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ತಲೆ ಹೋಗಿರೋದು ನಿಮ್ದಲ್ಲ ಯಜಮಾನ್ರೇ, ನಂದು” ಎಂದು ಕರೆಂಟು ತೆಗೆದು, ವೈರನ್ನು ಮೊದಲಿನಂತೆ ಹಾಕಿದೆ.

ಅವರು ತುಸು ಹೊತ್ತು ಅನುಮಾನದಿಂದ ನೋಡಿದರು. ಆಮೇಲೆ ಕೈಯಿಟ್ಟು ಬಲಕ್ಕೆ ತಳ್ಳಿದರು. ಫಿರಂಗಿ ಬಲಕ್ಕೇ ಓಡಿತು.

ನಾನು ಅಂಗಡಿಯಲ್ಲಿ ಎಷ್ಟೋ ಗಿರಾಕಿಗಳಿಗೆ “ನಿಮಗೆ ಹಂಗೆ ಕಾಣ್ತೈತೆ ಅಷ್ಟೆ” ಎಂದು ಹೇಳಿ ಕಳಿಸಿದ್ದೇನೆ. ಈಗ ಯಾರಾದರೂ ರಿಪೇರಿಗೆ ಕರೆದರೆ, ಅವರು ಕೂತು ನೋಡುವ ಜಾಗದಲ್ಲಿ ನಾನೊಮ್ಮೆ ಕೂರದೆ ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ.