ಕಪಾಟಿನಲ್ಲಿ ಉಳಿದ ಎರಡನೇ ತುಂಡು

ಕಳೆದ ಭಾನುವಾರ ಮಹಾರಾಷ್ಟ್ರದ ಗಡಿ ಊರು ಮುರುಮದಲ್ಲಿ ಏಳು ಜನ ಹೆಂಗಸರು ಸೇರಿ ನನ್ನ ಮಾನ ತೆಗೆದರು. ಅದೂ ಚಹಾ, ಚೂಡಾ ಕೊಟ್ಟು!

ನನ್ನ ಸಸ್ಪೆನ್ಸ್ ಕಾದಂಬರಿ ನೀವೂ ಓದಿದ್ದೀರಲ್ಲ, ನಾಲ್ಕು ಭಾಗ, ಆರುನೂರ ನಲವತ್ತು ಪುಟದ್ದು. ಎರಡನೇ ಮುದ್ರಣಕ್ಕೆ ಹೋಗುತ್ತಿದೆ. ತಿದ್ದುವುದಿದ್ದರೆ ಈ ವಾರವೇ ಹೇಳಿ ಎಂದು ಪ್ರಕಾಶಕರು ಫೋನ್ ಮಾಡಿದ್ದರು. ಓದಿದವರನ್ನೇ ಕೇಳೋಣ ಎಂದು ಉಮರ್ಗಾದಲ್ಲಿ ಬಸ್ಸು ಹತ್ತಿ ಮುರುಮದ ಶರಣಮ್ಮ ಕಾಕುವಿನ ಮನೆಗೆ ಹೋದೆ. (ನನ್ನ ಚಿಕ್ಕಪ್ಪನ ಹೆಂಡತಿ. ಕಾಳಿನ ವ್ಯಾಪಾರದ ಮನೆ, ಬಾಯಿ ಜೋರು.)

ಗಡಿಯ ಈ ಕಡೆ ಕನ್ನಡ ಪುಸ್ತಕ ಸಿಗುವುದೇ ಅಪರೂಪ. ಕಲಬುರಗಿಗೆ ಹೋದವರು ಒಂದು ತಂದರೆ ಇಡೀ ಓಣಿ ಓದಬೇಕು. ಅದಕ್ಕೇ ಕಾಕು ಮತ್ತು ಗೆಳತಿಯರು ದಪ್ಪ ಪುಸ್ತಕವನ್ನು ನಾಲ್ಕು ತುಂಡು ಮಾಡುತ್ತಾರೆ. ಹಳೇ ಕ್ಯಾಲೆಂಡರಿನ ಹೊದಿಕೆ ಹಾಕಿ, ಚೀಲ ಹೊಲಿಯುವ ದಬ್ಬಣದಿಂದ ಹೊಲಿದು, ಮನೆಯಿಂದ ಮನೆಗೆ ದಾಟಿಸುತ್ತಾರೆ. ನನ್ನ ಕಾದಂಬರಿಗೂ ಅದೇ ಗತಿಯಾಗಿತ್ತು.

ಎಲ್ಲರೂ ಹೊಗಳಿದರು. ನಾನು ಉಬ್ಬಿದೆ. "ಇನ್ಸ್‌ಪೆಕ್ಟರನ ಬಾಲ್ಯದ ಭಾಗ ಹೆಂಗನಿಸ್ತು?" ಎಂದು ಕೇಳಿದೆ.

ಮುಖ ಮುಖ ನೋಡಿಕೊಂಡರು.

"ಅಂವಗ ಬಾಲ್ಯನೂ ಅದ ಏನ್ರೀ ಮಾಸ್ತರ?" ಎಂದರು ಪಕ್ಕದ ಮನೆಯ ಕಸ್ತೂರಿಬಾಯಿ.

ಕಾಕು ಒಳಗೆ ಹೋಗಿ ಕಪಾಟು ತಡಕಾಡಿ ಬಂದಳು. ಕೈಯಲ್ಲಿ ಎರಡನೇ ತುಂಡು. ಹೊಲಿದ ದಾರ ಕೂಡ ಸಡಿಲಾಗಿರಲಿಲ್ಲ.

"ಅಯ್ಯ, ಇದು ಇಲ್ಲೇ ಉಳದದ ನೋಡೋ ತಮ್ಮಾ. ಒಂದನೇದ್ದರ ಮ್ಯಾಲ ಸೀದಾ ಮೂರನೇದ್ದು ಓದೀವಿ. ಯಾರೂ ಕೇಳಲೇ ಇಲ್ಲ."

ಸಿಟ್ಟು ನೆತ್ತಿಗೇರಿತು. ನೂರ ಅರವತ್ತು ಪುಟ ಸ್ವಾಮಿ! ಒಂದು ವರ್ಷ ಕೂತು ಬರೆದದ್ದು! "ಒಬ್ಬರಿಗೂ ಗೊತ್ತಾಗಲಿಲ್ಲೇನ್ರೀ? ಪುಟದ ನಂಬರರೇ ನೋಡಬಾರದಾ?" ಎಂದು ಕೂಗಾಡಿದೆ.

"ಖೂನ್ ಯಾರ್ ಮಾಡ್ಯಾರಂತ ನೋಡೋದೋ, ನಂಬರ್ ನೋಡೋದೋ?" ಕಸ್ತೂರಿಬಾಯಿ ನನಗೇ ಜೋರು ಮಾಡಿದರು.

ಈಗಲಾದರೂ ಓದು ಎಂದು ಕಾಕುವಿನ ಮುಂದೆ ಹಿಡಿದೆ. "ಖೂನ್ ಮಾಡಿದಂವ ಸಿಕ್ಕಾನಲ್ಲೋ, ಇನ್ಯಾಕ? ಬ್ಯಾಸರ, ಕಂಟಾಳಾ ಬರ್ತದ," ಎಂದು ಚಹಾದ ಕಪ್ಪು ಎತ್ತಿಕೊಂಡು ಹೋದಳು.

ಬರುವಾಗ ಬಸ್ಸಿನಲ್ಲಿ ಆ ತುಂಡನ್ನು ನಾನೇ ಓದಿದೆ. ಇನ್ಸ್‌ಪೆಕ್ಟರನ ಅಜ್ಜಿ, ಅಜ್ಜಿಯ ಹಸು, ಹಸುವಿನ ಕರು. ಇವನ್ನೆಲ್ಲ ಯಾಕೆ ತುರುಕಿದೆ? "ದಪ್ಪ ಇದ್ದರೆ ವೇಟ್ ಬರುತ್ತೆ ಸರ್" ಎಂದಿದ್ದರು ಪ್ರಕಾಶಕರು. ದೊಡ್ಡ ಲೇಖಕ ಅನ್ನಿಸಿಕೊಳ್ಳುವ ಚಪಲಕ್ಕೆ ನಾನೂ ತಲೆಯಾಡಿಸಿದ್ದೆ. ಥೂ! ಮೊದಲ ಭಾಗದಲ್ಲಿ ಹೆಣ ಬಿದ್ದಿದೆ, ಓದುವವಳು ಒಲೆಯ ಮೇಲೆ ಹಾಲಿಟ್ಟು ಪುಟ ತಿರುವುತ್ತಿದ್ದಾಳೆ, ನಾನು ಕರುವಿಗೆ ಹೆಸರಿಡುತ್ತಿದ್ದೇನೆ! ಸಸ್ಪೆನ್ಸ್ ಕಾದಂಬರಿ ಎಷ್ಟು ಉದ್ದ ಇರಬೇಕು? ಕೊಲೆಗಾರ ಸಿಗುವಷ್ಟು. ಅದರ ಮೇಲಿನದೆಲ್ಲ ನಮ್ಮ ಜಂಬ.

ಸೋಮವಾರ ಪ್ರಕಾಶಕರಿಗೆ ಫೋನ್ ಮಾಡಿ, ಎರಡನೇ ಭಾಗ ಪೂರ್ತಿ ತೆಗೆದುಹಾಕಿ, ಇಲ್ಲದಿದ್ದರೆ ಮುದ್ರಣವೇ ಬೇಡ ಎಂದೆ.

"ಇಷ್ಟು ದಿನ ಒಬ್ಬರೂ ಕಂಪ್ಲೇಂಟ್ ಮಾಡಿಲ್ಲವಲ್ಲ ಸರ್?" ಎಂದರು.

ಅಂದಿನಿಂದ ನನ್ನ ಸಿಟ್ಟು ನಿಮ್ಮ ಕಡೆ ತಿರುಗಿದೆ. ಮುರುಮದವರು ಹೇಗೋ ಬಚಾವಾದರು. ನಾಲ್ಕೂ ಭಾಗ ಓದಿದ ನೀವು ನನ್ನ ಕಾಲರ್ ಯಾಕೆ ಹಿಡಿಯಲಿಲ್ಲ?