ಕೃಷ್ಣಪ್ಪನ ಮೂಕ ಸೆಟ್ಟು

ಮಾಗಡಿ ಕಡೆಯ ಕಲ್ಯದ ದ್ರಾಕ್ಷಾಯಿಣಿಗೆ ಪೊಲೀಸ್ ವೈರ್‌ಲೆಸ್ ವರ್ಕ್‌ಶಾಪಿನ ಕೆಲಸ ಸಿಕ್ಕಿದ್ದು ಅಪ್ಪ ಸತ್ತದ್ದರಿಂದ. ಪೇದೆಯಾಗಿದ್ದ ಅಪ್ಪ ಡ್ಯೂಟಿಯಲ್ಲೇ ತೀರಿಕೊಂಡ. ಅನುಕಂಪದ ಮೇಲೆ ಮಗಳನ್ನು ತೆಗೆದುಕೊಂಡರು. ಅದನ್ನು ಆಡಿಕೊಂಡವರ ಬಾಯಿ ಮುಚ್ಚಿಸಬೇಕೆಂದೇ ಹನ್ನೆರಡು ವರ್ಷ ಒಂದು ತಪ್ಪಿಲ್ಲದೆ ದುಡಿದಳು. ತಪ್ಪು ಮಾಡದವಳು ಎನ್ನುವ ಹೆಸರು ಬಲು ಕೆಟ್ಟದ್ದು, ಒಮ್ಮೆ ತಲೆಗೇರಿದರೆ ಇಳಿಯುವುದಿಲ್ಲ.

ರಾಮನಗರ ಜಿಲ್ಲೆಯಾದ ಮರುವರ್ಷ ಹೊಸ ವಾಕಿಟಾಕಿಗಳು ಬಂದವು. ಮಾತು ಹೊರಗಿನವರ ಕಿವಿಗೆ ಬೀಳದಂತೆ ಅವಕ್ಕೆ ಗುಟ್ಟಿನ ಕೀ, ಅಂದರೆ ಸಂಕೇತ ಸಂಖ್ಯೆ, ತುಂಬಬೇಕಿತ್ತು. ದ್ರಾಕ್ಷಾಯಿಣಿ ಕೀ ತುಂಬುವ ಅಂಗೈಯಗಲದ ಲೋಡರಿನಿಂದ ಒಂದೊಂದು ಸೆಟ್ಟಿಗೂ ವೈರು ಸಿಕ್ಕಿಸಿ, ಗುಂಡಿ ಒತ್ತಿ, ಟಿಣ್ ಎನ್ನುವವರೆಗೆ ಉಸಿರು ಹಿಡಿದು ಕೂರುತ್ತಿದ್ದಳು. "ಅಕ್ಕಾವ್ರು ತಾಯ್ತ ಕಟ್ತಾವ್ರೆ" ಎಂದು ಪೇದೆಗಳು ರೇಗಿಸುತ್ತಿದ್ದರು. ಬ್ಯಾಟರಿ ಬಿಚ್ಚಿ ಗಂಟೆಗಟ್ಟಲೆ ಇಟ್ಟರೆ ಕೀ ಅಳಿಸಿಹೋಗುತ್ತದೆ. ಆಮೇಲೆ ಸೆಟ್ಟಿನ ದೀಪ ಉರಿಯುತ್ತದೆಯೇ ಹೊರತು ಮಾತು ಕೇಳಿಸುವುದಿಲ್ಲ. ಇದನ್ನು ಸೆಟ್ಟು ಹಿಡಿಯುವ ಪ್ರತಿಯೊಬ್ಬನಿಗೂ ಎದುರಿಗೇ ಹೇಳಿ, ರಿಜಿಸ್ಟರಿನಲ್ಲಿ 'ತಿಳಿಸಲಾಗಿದೆ' ಎಂದು ಬರೆದು ಅವಳು ರುಜು ಹಾಕಬೇಕು.

ಕನಕಪುರದ ಕಡೆ ಹೊಸ ಕಾರ್ಖಾನೆಗಳ ಪಕ್ಕದ ಔಟ್‌ಪೋಸ್ಟಿನಲ್ಲಿ ಕೃಷ್ಣಪ್ಪ ಹೆಡ್ ಕಾನ್‌ಸ್ಟೇಬಲ್. ಸೆಟ್ಟು ಹಂಚಿದ ದಿನ ಅವನು ಬಂದೋಬಸ್ತಿಗೆ ಹೋಗಿದ್ದ. ಜೊತೆಯ ಪೇದೆಯೊಬ್ಬ ಬಂದು ಸೆಟ್ಟು ಒಯ್ದ. ಫೋನಿನಲ್ಲಿ ಹೇಳಿದರಾಯಿತು ಎಂದುಕೊಂಡು ದ್ರಾಕ್ಷಾಯಿಣಿ ರುಜು ಹಾಕಿದಳು. ಇನ್ನೂ ಹತ್ತು ಸೆಟ್ಟು ಬಾಕಿ ಇದ್ದವು. ಫೋನು ಮಾಡುವುದು ಮರೆತೇಹೋಯಿತು.

ಕೃಷ್ಣಪ್ಪ ಹೊಂಗನೂರಿನವನು. ರೇಷ್ಮೆಯ ಹುಳುಮನೆಗೆ ಹಿಡಿದು ಹೋಗುವ ಟಾರ್ಚಿನ ಸೆಲ್ಲನ್ನು, ಸುಮ್ಮನೆ ಸವೆಯುತ್ತದೆಂದು ಕೆಲಸ ಮುಗಿದ ಕೂಡಲೇ ಬಿಚ್ಚಿಡುವ ಮನೆಯಲ್ಲಿ ಬೆಳೆದವನು. ಸರ್ಕಾರದ ಬ್ಯಾಟರಿಗೂ ಅದೇ ಜೋಪಾನ. ಎರಡು ದಿನ ರಜೆ ಹೋಗುವಾಗ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟ, ಬಂದು ಹಾಕಿಕೊಂಡ. ದೀಪ ಉರಿಯಿತು, ಸರಿಯಿದೆ ಎಂದುಕೊಂಡ.

ಆ ಬೆಳಿಗ್ಗೆಯೇ ಬಣ್ಣದ ಕಾರ್ಖಾನೆಯೊಂದಕ್ಕೆ ಬೆಂಕಿ ಬಿತ್ತು. ಕೃಷ್ಣಪ್ಪ ಹಿಂದಿನ ಗೇಟಿನಲ್ಲಿ ಒಬ್ಬನೇ ನಿಂತು ಕೆಲಸದವರನ್ನು ಆಚೆ ಕಳಿಸುತ್ತಿದ್ದ. ಡ್ರಮ್ಮುಗಳು ಸಿಡಿಯುತ್ತವೆ, ಹಿಂದಿನ ಗೇಟು ಬಿಟ್ಟು ಓಡಿ ಎಂದು ಕಂಟ್ರೋಲ್ ರೂಮಿನವರು ನಾಲ್ಕು ಸಲ ಕೂಗಿದರು. ಅವನ ಸೊಂಟದ ಸೆಟ್ಟು ತುಟಿ ಬಿಚ್ಚಲಿಲ್ಲ. ಎಲ್ಲರನ್ನೂ ಕಳಿಸಿ ಅವನು ಅಲ್ಲೇ ಸತ್ತ.

ವಿಚಾರಣೆಗೆ ಬಂದ ಅಧಿಕಾರಿ ವೀರಭದ್ರಯ್ಯ ರಿಜಿಸ್ಟರ್ ಬಿಚ್ಚಿಟ್ಟರು. "ಬ್ಯಾಟರಿ ಬಿಚ್ಬೇಡ ಅಂತ ಅವನಿಗೆ ಹೇಳಿದ್ಯೇನಮ್ಮ? ಹೇಳಿದ್ಮೇಲೂ ಬಿಚ್ಚಿದ್ರೆ ತಪ್ಪು ಅವನ್ದೇ. ಅವನ ಮಗಳಿಗೆ ಅನುಕಂಪದ ಕೆಲ್ಸ ಕೊಡೋ ಫೈಲು ಅಲ್ಲಿಗೇ ನಿಲ್ತದೆ."

ಹೇಳಲಿಲ್ಲ ಎಂದರೆ ತನ್ನ ಕೆಲಸ ಹೋಗುತ್ತದೆ. ಸುಳ್ಳು ರುಜುವಿನವಳು ಎಂದು ಮಾಗಡಿಯವರೆಗೂ ಸುದ್ದಿಯಾಗುತ್ತದೆ. ಅಪ್ಪ ಸತ್ತು ಕೊಟ್ಟ ಕೆಲಸದಲ್ಲಿ ಕೂತು, ಇನ್ನೊಬ್ಬ ಅಪ್ಪ ಸತ್ತು ಕೊಡಬೇಕಿದ್ದ ಕೆಲಸವನ್ನು ಅವಳು ಕಿತ್ತುಕೊಂಡಳು.

"ಹೇಳಿದ್ದೆ ಸಾರ್."

ತಿಂಗಳ ಮೇಲೆ ಕೃಷ್ಣಪ್ಪನ ಹೆಂಡತಿ ಕಾವೇರಮ್ಮ, ಮಗಳು ರಮ್ಯಾಳನ್ನು ಕರೆದುಕೊಂಡು ವರ್ಕ್‌ಶಾಪಿಗೆ ಬಂದಳು. ಬೈಯಲು ಬಂದಿದ್ದಾಳೆಂದು ದ್ರಾಕ್ಷಾಯಿಣಿ ಎದ್ದು ನಿಂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀವು ಅಷ್ಟು ಯೋಳಿದ್ರೂ ನಮ್ಮೋರು ಕೇಳ್ನಿಲ್ವಂತೆ ಕಣವ್ವ," ಎಂದಳು ಕಾವೇರಮ್ಮ, ಕೈ ಮುಗಿದು. "ಯಾರ್ ಮಾತ್ನೂ ಮೀರ್ದೋರಲ್ಲ, ಅದ್ಯಾಕಂಗ್ ಮಾಡುದ್ರೋ. ಇಚಾರ್ಣೆ ಅಂತ ನಿಮ್ಗೂ ತೊಂದ್ರೆ ಆಯ್ತು. ಅವ್ರ ತಪ್ನ ಒಟ್ಟೆಗಾಕ್ಕೊಳ್ಳಿ."

ದ್ರಾಕ್ಷಾಯಿಣಿ ಮೇಜಿನ ಮೇಲೆ ತೆರೆದಿದ್ದ ರಿಜಿಸ್ಟರನ್ನು ಮುಚ್ಚಿದಳು.

"ಇರ್ಲಿ ಬುಡಿ ಅವ್ವ," ಎಂದಳು.

ತಾಯಿಯನ್ನು ನೋಡಿ ರಮ್ಯಾಳೂ ಅವಳಿಗೆ ಕೈ ಮುಗಿದಳು.